ಫೈಲು ಈಗ ಯಾರ ಕೈಯಲ್ಲಿದೆ?

ವಿದ್ಯಾರ್ಥಿಗಳನ್ನು ಬೇರೆ ದೇಶದ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಸೇರಿಸುವ ಏಜೆನ್ಸಿಗಳವರು ಫೈಲು ನಿಭಾಯಿಸುವ ಸಾಫ್ಟ್‌ವೇರ್ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ ಒಂದಾಗಿಸಿದ್ದೇವೆ.

ಪ್ರಶ್ನೆ: ನಾವು ಆರು ಜನ ಇದ್ದೇವೆ. ಇಷ್ಟು ದಿನ ಎಲ್ಲವೂ ಒಂದೇ ಎಕ್ಸೆಲ್ ಶೀಟಿನಲ್ಲಿ ನಡೆಯುತ್ತಿತ್ತು. ಈಗ ವರ್ಷಕ್ಕೆ ಮುನ್ನೂರು ವಿದ್ಯಾರ್ಥಿಗಳಾಗಿ ಕೈಮೀರುತ್ತಿದೆ. ಸಾಫ್ಟ್‌ವೇರ್ ನೋಡಲು ಹೋದರೆ ಒಬ್ಬೊಬ್ಬರೂ ಉದ್ದುದ್ದ ಸೌಲಭ್ಯಗಳ ಪಟ್ಟಿ ಕೊಡುತ್ತಾರೆ. ಮೊದಲು ನೋಡಬೇಕಾದದ್ದು ಏನು?

ಉತ್ತರ: ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮಾರಲು ಬಂದವರಿಗೆ ಒಂದೇ ಪ್ರಶ್ನೆ ಕೇಳಿ: ಒಬ್ಬ ವಿದ್ಯಾರ್ಥಿಗೆ ನಾಲ್ಕು ಅರ್ಜಿ ಇದ್ದರೆ ನಾಲ್ಕಕ್ಕೂ ಬೇರೆ ಬೇರೆ ಹಂತ, ಬೇರೆ ಬೇರೆ ಗಡುವು ಇಡಲು ಬರುತ್ತದೆಯೇ?

ಇದೇಕೆ ಇಷ್ಟು ಮುಖ್ಯ ಅನ್ನುವುದಕ್ಕೆ ಒಂದು ಫೈಲು ನೋಡೋಣ. ಒಬ್ಬ ವಿದ್ಯಾರ್ಥಿನಿ ಎರಡು ದೇಶಗಳಿಗೆ ನಾಲ್ಕು ಅರ್ಜಿ ಹಾಕಿದ್ದಾಳೆ. ಒಂದು ತಿರಸ್ಕೃತವಾಗಿದೆ. ಇನ್ನೊಂದಕ್ಕೆ ಕಂಡಿಷನಲ್ ಆಫರ್ (ಷರತ್ತಿನ ಮೇಲೆ ಪ್ರವೇಶ) ಬಂದಿದ್ದು ಕೊನೆಯ ಸೆಮಿಸ್ಟರಿನ ಅಂಕಪಟ್ಟಿ ಬಾಕಿಯಿದೆ. ಮೂರನೆಯದಕ್ಕೆ ಅನ್‌ಕಂಡಿಷನಲ್ ಆಫರ್ ಬಂದಾಗಿದೆ, ಡೆಪಾಸಿಟ್ ಕಟ್ಟಲು ಹತ್ತು ದಿನ ಉಳಿದಿದೆ. ನಾಲ್ಕನೆಯದು ಮುಂದಿನ ಇನ್‌ಟೇಕ್‌ಗೆ, ಅಂದರೆ ಮುಂದಿನ ಪ್ರವೇಶದ ಸರದಿಗೆ, ಡಿಫರ್ ಆಗಿದೆ (ಮುಂದಕ್ಕೆ ಹೋಗಿದೆ). ಸರಕು ಮಾರುವವರ ಕೆಲಸಕ್ಕೆಂದು ಮಾಡಿದ ಸಾಫ್ಟ್‌ವೇರಿನಲ್ಲಿ ಈಕೆಗೆ ಇರುವುದು ಒಂದೇ 'ಹಂತ'. ಅಲ್ಲಿ ಏನು ಬರೆಯುತ್ತೀರಿ? ಕೌನ್ಸೆಲರ್ ತನಗೆ ಮುಖ್ಯ ಅನಿಸಿದ್ದನ್ನು ಬರೆದು, ಡೆಪಾಸಿಟ್ ತಾರೀಕನ್ನು ಟಿಪ್ಪಣಿಯಲ್ಲಿ ಹಾಕುತ್ತಾರೆ. ಟಿಪ್ಪಣಿಯೊಳಗೆ ಕೂತ ತಾರೀಕು ಯಾರನ್ನೂ ಎಚ್ಚರಿಸುವುದಿಲ್ಲ. ಹನ್ನೊಂದನೆಯ ದಿನ ಸೀಟು ಹೋದ ಮೇಲೆ ಎಲ್ಲರಿಗೂ ನೆನಪಾಗುತ್ತದೆ.

ಆದ್ದರಿಂದ ದಾಖಲೆ ಮೂರು ಪದರದಲ್ಲಿರಬೇಕು. ಮೇಲಿನದು ವಿದ್ಯಾರ್ಥಿ: ಹೆಸರು, ಪಾಸ್‌ಪೋರ್ಟ್, ಓದು, ಪರೀಕ್ಷೆಯ ಅಂಕಗಳು. ಅದರ ಕೆಳಗೆ ಅರ್ಜಿಗಳು: ಒಂದು ಸಂಸ್ಥೆ, ಒಂದು ಕೋರ್ಸ್, ಒಂದು ಇನ್‌ಟೇಕ್‌ಗೆ ಒಂದು ಅರ್ಜಿ. ಮೂರನೆಯದು ವೀಸಾ ಫೈಲು, ಅದು ಬೇರೆಯೇ. ಒಂದು ಅರ್ಜಿ ಗಟ್ಟಿಯಾದ ಮೇಲೆ ಅದು ಹುಟ್ಟುತ್ತದೆ, ನಿರಾಕರಣೆಯಾಗಿ ಮತ್ತೆ ಹಾಕಿದರೆ ಎರಡನೆಯದೂ ಹುಟ್ಟುತ್ತದೆ. ದಾಖಲೆಪತ್ರಗಳು ವಿದ್ಯಾರ್ಥಿಗೆ ಸೇರಿದವು. ಅಂಕಪಟ್ಟಿಯನ್ನು ಒಮ್ಮೆ ಏರಿಸಿದರೆ ನಾಲ್ಕೂ ಅರ್ಜಿಗಳಿಗೆ ಅದೇ ಸಿಗಬೇಕು. ನಾಲ್ಕು ಕಡೆ ನಾಲ್ಕು ಸಲ ಏರಿಸುವ ವ್ಯವಸ್ಥೆಯಲ್ಲಿ ಮೂರು ಕಡೆ ಹಳೆಯ ಪ್ರತಿ ಉಳಿದುಬಿಡುತ್ತದೆ.

ಇನ್ನೊಂದು ಕಾಲಂ ಇದೆಯೇ ನೋಡಿ, ಇಲ್ಲದಿದ್ದರೆ ನೀವೇ ಸೇರಿಸಲು ಬರುತ್ತದೆಯೇ ಕೇಳಿ. ಅದರ ಹೆಸರು 'ಯಾರ ಕೈಯಲ್ಲಿದೆ'. ಆಯ್ಕೆ ನಾಲ್ಕೇ: ವಿದ್ಯಾರ್ಥಿ, ನಾವು, ಸಂಸ್ಥೆ, ವೀಸಾ ಕಚೇರಿ. ಜೊತೆಗೆ 'ಯಾವತ್ತಿನಿಂದ' ಅನ್ನುವ ತಾರೀಕು. ಫೈಲು ಎಲ್ಲಿಯವರೆಗೆ ಬಂದಿದೆ ಎಂದು ಹಂತ ಹೇಳುತ್ತದೆ, ಯಾಕೆ ನಿಂತಿದೆ ಎಂದು ಈ ಕಾಲಂ ಹೇಳುತ್ತದೆ. 'ಅರ್ಜಿ ಸಲ್ಲಿಕೆ' ಹಂತದಲ್ಲಿ ನಲವತ್ತು ಫೈಲುಗಳಿವೆ ಎಂದು ತಿಳಿದರೆ ಏನೂ ಮಾಡಲಾಗದು. ಅದರಲ್ಲಿ ಒಂಬತ್ತು 'ನಮ್ಮ' ಕೈಯಲ್ಲೇ ಐದು ದಿನದಿಂದ ಕೂತಿವೆ ಎಂದು ತಿಳಿದರೆ ಬೆಳಗಿನ ಕೆಲಸ ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಾಗುತ್ತದೆ. ಸಣ್ಣ ತಂಡಕ್ಕೆ ಇದಕ್ಕಿಂತ ಉಪಯೋಗದ ವರದಿ ಇನ್ನೊಂದಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಹಂತಗಳನ್ನು ಹತ್ತರ ಆಸುಪಾಸಿನಲ್ಲಿ ಇಟ್ಟುಕೊಳ್ಳಿ. ಇಪ್ಪತ್ತೈದು ಹಂತ ಮಾಡಿದರೆ ಯಾರೂ ಸರಿಯಾಗಿ ಬದಲಿಸುವುದಿಲ್ಲ. ಡಿಫರ್, ಹಿಂತೆಗೆತ, ತಿರಸ್ಕಾರ ಇವು ಸಾಲಿನಲ್ಲಿ ಬರುವ ಹಂತಗಳಲ್ಲ, ಸಾಲಿನಿಂದ ಹೊರಗೆ ಹೋಗುವ ದಾರಿಗಳು. ಅವಕ್ಕೆ ಕಾರಣ ಬರೆಯುವುದನ್ನು ಕಡ್ಡಾಯ ಮಾಡಿ.

ಪ್ರಶ್ನೆ: ಝೋಹೊ, ಹಬ್‌ಸ್ಪಾಟ್, ಸೇಲ್ಸ್‌ಫೋರ್ಸ್‌ನಂಥ ಸಾಮಾನ್ಯ ಸಿಆರ್‌ಎಂ (ಗಿರಾಕಿಗಳನ್ನು ನಿಭಾಯಿಸುವ ಸಾಫ್ಟ್‌ವೇರ್) ತಗೊಂಡು ನಮಗೆ ಬೇಕಾದಂತೆ ಮಾಡಿಸಿಕೊಳ್ಳುವುದು ಒಳ್ಳೆಯದೋ, ಈ ಕಸುಬಿಗೆಂದೇ ಮಾಡಿದ್ದನ್ನು ತಗೊಳ್ಳುವುದೋ? ಹಲವು ಸಂಸ್ಥೆಗಳಿಗೆ ಅರ್ಜಿ ಕಳಿಸುವ ಒಂದು ಪೋರ್ಟಲ್‌ನವರು ತಮ್ಮ ಸಾಫ್ಟ್‌ವೇರನ್ನು ಪುಕ್ಕಟೆ ಕೊಡುತ್ತೇವೆ ಅನ್ನುತ್ತಿದ್ದಾರೆ.

ಉತ್ತರ: ಸಾಮಾನ್ಯ ಸಿಆರ್‌ಎಂ ವಿಚಾರಣೆಗಳನ್ನು ಹಿಡಿಯುವುದರಲ್ಲಿ ಗಟ್ಟಿ. ಫೋನು, ಫಾರಂ, ಜಾಹೀರಾತಿನಿಂದ ಬಂದವರನ್ನು ದಾಖಲಿಸಿ, ಕೌನ್ಸೆಲರ್‌ಗಳಿಗೆ ಹಂಚಿ, ಫಾಲೋಅಪ್ ನೆನಪಿಸುತ್ತದೆ. ಆದರೆ ಅದರ ಲೆಕ್ಕದಲ್ಲಿ ಗಿರಾಕಿ ಹಣ ಕಟ್ಟಿದರೆ ಕತೆ ಮುಗಿಯಿತು. ನಿಮ್ಮ ಕೆಲಸ ನಿಜವಾಗಿ ಶುರುವಾಗುವುದೇ ಅಲ್ಲಿಂದ. ಮೇಲೆ ಹೇಳಿದ ಮೂರು ಪದರಗಳನ್ನು ಅದರಲ್ಲಿ ಕಟ್ಟಬಹುದು, ಕಷ್ಟವೇನಿಲ್ಲ. ಕಟ್ಟಿದ್ದನ್ನು ನೋಡಿಕೊಳ್ಳುವವರು ಮಾತ್ರ ಬೇಕು. ನಿಮ್ಮ ತಂಡದಲ್ಲಿ ವಾರಕ್ಕೆ ಅರ್ಧ ದಿನ ಅದಕ್ಕೇ ಕೊಡಬಲ್ಲ ಒಬ್ಬರು ಇಲ್ಲದಿದ್ದರೆ ಆ ದಾರಿ ಬೇಡ. ಹೊರಗಿನವರು ಕಟ್ಟಿಕೊಟ್ಟು ಹೋದದ್ದು ಆರು ತಿಂಗಳಲ್ಲಿ ಯಾರಿಗೂ ಅರ್ಥವಾಗದ ಸ್ಥಿತಿಗೆ ಬರುತ್ತದೆ.

ಕಸುಬಿಗೆಂದೇ ಮಾಡಿದ್ದರಲ್ಲಿ ಸಂಸ್ಥೆ, ಕೋರ್ಸ್, ಇನ್‌ಟೇಕ್, ಸಂಸ್ಥೆಯಿಂದ ನಿಮಗೆ ಬರುವ ಕಮಿಷನ್ ಎಲ್ಲ ಮೊದಲೇ ಇರುತ್ತವೆ. ಅವುಗಳ ಬಗ್ಗೆ ಕೇಳಬೇಕಾದದ್ದು ಒಂದು: ಕೋರ್ಸುಗಳ ಪಟ್ಟಿಯನ್ನು ಯಾರು, ಎಷ್ಟು ದಿನಕ್ಕೊಮ್ಮೆ ಸರಿಪಡಿಸುತ್ತಾರೆ? ನಿಮಗೆ ಚೆನ್ನಾಗಿ ಗೊತ್ತಿರುವ ಐದು ಕೋರ್ಸುಗಳ ಶುಲ್ಕ ಮತ್ತು ಭಾಷಾ ಪರೀಕ್ಷೆಯ ಅಂಕವನ್ನು ಅವರ ಪಟ್ಟಿಯಲ್ಲಿ ತೆಗೆದು ಸಂಸ್ಥೆಯ ವೆಬ್‌ಸೈಟಿನ ಜೊತೆ ತಾಳೆ ನೋಡಿ. ಐದರಲ್ಲಿ ಎರಡು ಹಳತಾಗಿದ್ದರೆ ಆ ಪಟ್ಟಿಯನ್ನು ನಂಬಿ ವಿದ್ಯಾರ್ಥಿಗೆ ಸಲಹೆ ಕೊಡುವಂತಿಲ್ಲ.

ಪುಕ್ಕಟೆಯ ವಿಷಯ. ಪೋರ್ಟಲ್‌ನವರ ಆದಾಯ ಇರುವುದು ಅರ್ಜಿಗಳು ಅವರ ಮೂಲಕ ಹೋಗುವುದರಲ್ಲಿ. ಅದರಲ್ಲಿ ಮುಚ್ಚುಮರೆಯೇನಿಲ್ಲ, ತಪ್ಪೂ ಇಲ್ಲ. ನಿಮಗೆ ನೇರ ಒಪ್ಪಂದ ಇಲ್ಲದ ಸಂಸ್ಥೆಗಳಿಗೆ ಅವರನ್ನು ಬಳಸಿ. ಆದರೆ ನೇರ ಒಪ್ಪಂದದ ವಿದ್ಯಾರ್ಥಿಗಳ ಫೈಲುಗಳನ್ನೂ ಅಲ್ಲೇ ಇಟ್ಟರೆ ನಿಮ್ಮ ಇಡೀ ವಹಿವಾಟಿನ ಚಿತ್ರ ಇನ್ನೊಬ್ಬರ ಮೇಜಿನ ಮೇಲಿರುತ್ತದೆ. ವಿದ್ಯಾರ್ಥಿಯೂ ತನ್ನ ಬ್ಯಾಂಕ್ ಸ್ಟೇಟ್‌ಮೆಂಟನ್ನು ಅವರಿಗೆ ಕೊಡಲು ಒಪ್ಪಿರುವುದಿಲ್ಲ.

ಪ್ರಶ್ನೆ: ನಮ್ಮ ದೊಡ್ಡ ತಲೆನೋವು ತಾರೀಕುಗಳದ್ದು. ನಾಲ್ಕು ದೇಶಗಳಿಗೆ ಕಳಿಸುತ್ತೇವೆ, ಒಂದೊಂದಕ್ಕೆ ಒಂದೊಂದು ನಿಯಮ. 'ರಿಮೈಂಡರ್ ಇದೆ' ಎಂದು ಎಲ್ಲ ಸಾಫ್ಟ್‌ವೇರಿನವರೂ ಹೇಳುತ್ತಾರೆ. ಅಷ್ಟು ಸಾಕೇ?

ಉತ್ತರ: ಸಾಲದು. ಕೊಟ್ಟ ತಾರೀಕನ್ನು ನೆನಪಿಸುವುದು ಗೋಡೆ ಕ್ಯಾಲೆಂಡರ್ ಮಾಡುವ ಕೆಲಸ. ಒಂದು ತಾರೀಕಿನಿಂದ ಇನ್ನೊಂದನ್ನು ಲೆಕ್ಕ ಹಾಕಿ ತೆಗೆಯುವುದು, ಮೊದಲನೆಯದು ಬದಲಾದಾಗ ಎರಡನೆಯದನ್ನೂ ಬದಲಿಸುವುದು ನಿಮಗೆ ಬೇಕಾದದ್ದು.

ಬ್ರಿಟನ್ನಿನ ವಿದ್ಯಾರ್ಥಿ ವೀಸಾದ ಹಣದ ನಿಯಮವನ್ನೇ ತಗೊಳ್ಳಿ. ಬೇಕಾದ ಮೊತ್ತ ಖಾತೆಯಲ್ಲಿ ಸತತ 28 ದಿನ ಇರಬೇಕು, ಆ 28 ದಿನಗಳ ಕೊನೆಯ ದಿನ ವೀಸಾ ಅರ್ಜಿಯ ದಿನದಿಂದ 31 ದಿನಗಳೊಳಗೆ ಇರಬೇಕು. ಜುಲೈ 14ರಂದು ಹಣ ಬಂತು, ಕದಲದೆ ಉಳಿಯಿತು ಎಂದುಕೊಳ್ಳಿ. 28 ದಿನ ತುಂಬುವುದು ಆಗಸ್ಟ್ 10ಕ್ಕೆ. ಆ ದಿನಕ್ಕೆ ಮುಗಿಯುವ ಸ್ಟೇಟ್‌ಮೆಂಟ್ ತೆಗೆಸಿದರೆ ಸೆಪ್ಟೆಂಬರ್ 10ರವರೆಗೆ ಅರ್ಜಿ ಹಾಕಬಹುದು. ನಡುವೆ ಜುಲೈ 25ರಂದು ಒಂದೇ ಒಂದು ದಿನ ಮೊತ್ತ ಕೆಳಗಿಳಿದು 26ಕ್ಕೆ ಸರಿಹೋದರೆ ಎಣಿಕೆ ಮೊದಲಿನಿಂದ ಶುರು, ತುಂಬುವುದು ಆಗಸ್ಟ್ 22ಕ್ಕೆ. ಸಾಫ್ಟ್‌ವೇರಿನಲ್ಲಿ ಜುಲೈ 26 ಎಂದು ತಿದ್ದಿದ ಕೂಡಲೇ ಉಳಿದೆರಡು ತಾರೀಕುಗಳು ತಾವಾಗಿಯೇ ಬದಲಾಗಬೇಕು. ಡೆಮೊ ತೋರಿಸುವವರ ಮುಂದೆ ಇದನ್ನೇ ಮಾಡಿಸಿ ನೋಡಿ.

ಇದರ ಜೊತೆಗೆ ಅವಧಿ ಮುಗಿಯುವ ದಾಖಲೆಗಳು. ಐಇಎಲ್‌ಟಿಎಸ್, ಟೋಫೆಲ್, ಪಿಟಿಇ ಎಂಬ ಇಂಗ್ಲಿಷ್ ಪರೀಕ್ಷೆಗಳ ಅಂಕಗಳಿಗೆ ಸಾಮಾನ್ಯವಾಗಿ 2 ವರ್ಷ. ಬ್ರಿಟನ್ನಿಗೆ ಬೇಕಾದ ಕ್ಷಯ ಪರೀಕ್ಷೆಯ ಪ್ರಮಾಣಪತ್ರಕ್ಕೆ 6 ತಿಂಗಳು, ಪ್ರವೇಶ ಖಚಿತಪಡಿಸಿ ಸಂಸ್ಥೆ ಕೊಡುವ ಕ್ಯಾಸ್ ಸಂಖ್ಯೆಗೂ 6 ತಿಂಗಳು. ಡಿಫರ್ ಆದ ವಿದ್ಯಾರ್ಥಿಗಳಲ್ಲೇ ಇವು ಹೆಚ್ಚು ಕೈಕೊಡುವುದು. ಸೆಪ್ಟೆಂಬರಿಗೆ ಸರಿಯಿದ್ದ ಅಂಕ ಜನವರಿಗೆ ಸತ್ತಿರುತ್ತದೆ. ಇನ್‌ಟೇಕ್ ಬದಲಿಸಿದ ಗಳಿಗೆಯಲ್ಲಿ ಎಲ್ಲ ದಾಖಲೆಗಳ ಅವಧಿಯನ್ನೂ ಹೊಸ ತಾರೀಕಿಗೆ ಮತ್ತೆ ಅಳೆದು ತೋರಿಸುವ ಸಾಫ್ಟ್‌ವೇರ್ ಸಿಕ್ಕರೆ ಬೇರೆ ಸಣ್ಣ ಕೊರತೆಗಳನ್ನು ಸಹಿಸಿಕೊಳ್ಳಬಹುದು.

ಎರಡನೆಯ ಮಾತು, ನಿಯಮಗಳೇ ಬದಲಾಗುವುದು. ಕೆನಡಾ 2024ರ ಜನವರಿ 22ರಂದು ಪ್ರಾಂತ್ಯದ ದೃಢೀಕರಣ ಪತ್ರವನ್ನು ತಂದಿತು, ಅದೇ ವರ್ಷ ನವೆಂಬರ್ 8ಕ್ಕೆ ವಿದ್ಯಾರ್ಥಿ ಅರ್ಜಿಗಳಿಗಿದ್ದ ಎಸ್‌ಡಿಎಸ್ ಎಂಬ ಬೇಗದ ದಾರಿಯನ್ನು ಮುಚ್ಚಿತು. ಆಸ್ಟ್ರೇಲಿಯಾ 2024ರ ಮಾರ್ಚ್ 23ರಿಂದ ಓದಲೆಂದು ತಾತ್ಕಾಲಿಕವಾಗಿ ಬರುತ್ತಿದ್ದಾರೆಯೇ ಎಂದು ನೋಡುತ್ತಿದ್ದ ಹಳೆಯ ಜಿಟಿಇ ಬದಲು 'ಜೆನ್ಯುಯಿನ್ ಸ್ಟೂಡೆಂಟ್' ಪ್ರಶ್ನೆಗಳನ್ನು ಇಟ್ಟಿತು. ಇಂಥ ಸುದ್ದಿ ಬಂದ ದಿನವೇ ದಾಖಲೆಗಳ ಪಟ್ಟಿಯನ್ನು ನೀವೇ ತಿದ್ದಲು ಬರಬೇಕು. 'ಟಿಕೆಟ್ ಹಾಕಿ, ಎರಡು ವಾರದಲ್ಲಿ ಮಾಡಿಕೊಡುತ್ತೇವೆ' ಅನ್ನುವವರಿಂದ ಪ್ರಯೋಜನವಿಲ್ಲ. ತಿದ್ದಿದ ಪಟ್ಟಿಗೆ 'ಇಂಥ ದಿನದಿಂದ ಜಾರಿ' ಎಂದು ಹಾಕಲು ಬರಬೇಕು. ಅದಿಲ್ಲದಿದ್ದರೆ ಮೊದಲೇ ವೀಸಾ ಅರ್ಜಿ ಹಾಕಿ ಕಾಯುತ್ತಿರುವವರ ಫೈಲುಗಳೂ 'ದಾಖಲೆ ಬಾಕಿ' ಎಂದು ಕೆಂಪಾಗುತ್ತವೆ. ನಾಲ್ಕು ದಿನ ಸುಳ್ಳು ಕೆಂಪು ಕಂಡವರು ಐದನೆಯ ದಿನ ನಿಜವಾದ ಕೆಂಪನ್ನೂ ನೋಡುವುದಿಲ್ಲ.

ಪ್ರಶ್ನೆ: ಡೆಮೊದಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಕೊಂಡ ಮೇಲೆ ಮೋಸ ಹೋಗದಿರಲು ಏನು ಮಾಡಬೇಕು?

ಉತ್ತರ: ಮೌಸ್ ನಿಮ್ಮ ಕೈಯಲ್ಲಿರಲಿ. ಅವರ ಮಾದರಿ ವಿದ್ಯಾರ್ಥಿಗೆ ಎಲ್ಲ ದಾಖಲೆಯೂ ಇರುತ್ತದೆ, ವೀಸಾ ಮೊದಲ ಸಲಕ್ಕೇ ಬರುತ್ತದೆ. ನಿಮ್ಮ ಹಳೆಯ ಫೈಲುಗಳಲ್ಲಿ ಅತಿ ಗೋಜಲಾದ ಮೂರನ್ನು ಆರಿಸಿ, ಹೆಸರು ಮತ್ತು ಪಾಸ್‌ಪೋರ್ಟ್ ಸಂಖ್ಯೆ ಬದಲಿಸಿ ಒಯ್ಯಿರಿ. ಎರಡು ದೇಶಕ್ಕೆ ಅರ್ಜಿ ಹಾಕಿ ಒಂದನ್ನು ಡಿಫರ್ ಮಾಡಿದವರದು ಒಂದು. ವೀಸಾ ನಿರಾಕರಣೆಯಾಗಿ ಎರಡನೆಯ ಸಲ ಹಾಕಿದವರದು ಇನ್ನೊಂದು. ಮೂರನೆಯದು, ನಡುವೆ ಪಾಸ್‌ಪೋರ್ಟ್ ಬದಲಾಗಿ, ಜೊತೆಗೆ ಸಂಗಾತಿಯ ವೀಸಾವೂ ಇದ್ದದ್ದು. ನಿಮ್ಮ ಕೌನ್ಸೆಲರ್ ಒಬ್ಬರು ಆ ಮೂರನ್ನು ಮೊದಲಿನಿಂದ ಕೊನೆಯವರೆಗೆ ತುಂಬಲಿ, ಮಾರಲು ಬಂದವರು ಹೇಳಿಕೊಡಲು ಬಂದರೆ ತಡೆಯಿರಿ. ಎಲ್ಲಿ ತಡವರಿಸುತ್ತಾರೋ ಅಲ್ಲೇ ಮುಂದೆ ದಿನಾ ತಡವರಿಸುವುದು.

ದಿನಕ್ಕೆ ಐವತ್ತು ಸಲ ಮಾಡುವ ಕೆಲಸ ಒಂದಿರುತ್ತದೆ: ಫೋನು ಮಾತಾಡಿ, ಏನಾಯಿತೆಂದು ಎರಡು ಸಾಲು ಬರೆದು, ಮುಂದಿನ ದಿನಾಂಕ ಹಾಕುವುದು. ಅದಕ್ಕೆ ಎಷ್ಟು ಕ್ಲಿಕ್, ಎಷ್ಟು ಸೆಕೆಂಡ್ ಎಂದು ಎಣಿಸಿ. ಒಂದೂವರೆ ನಿಮಿಷವಾದರೆ ದಿನಕ್ಕೆ ಎಪ್ಪತ್ತೈದು ನಿಮಿಷ ಅದಕ್ಕೇ ಹೋಯಿತು, ಜನ ಬರೆಯುವುದನ್ನೇ ಬಿಡುತ್ತಾರೆ. ಇಪ್ಪತ್ತು ಸೆಕೆಂಡಿನಲ್ಲಿ ಮುಗಿದರೆ ಬರೆಯುತ್ತಾರೆ.

ದರದ ಹಾಳೆಯಲ್ಲಿ ಕಾಣದ ಖರ್ಚನ್ನು ಲಿಖಿತವಾಗಿ ಕೇಳಿ. ನಿಮಗೆ ವಿದ್ಯಾರ್ಥಿಗಳನ್ನು ಕಳಿಸುವ ಸಬ್-ಏಜೆಂಟರ ಲಾಗಿನ್‌ಗೆ ಬೇರೆ ಹಣವೇ? ಜಾಗಕ್ಕೆ ಮಿತಿ ಎಷ್ಟು? ಒಬ್ಬ ವಿದ್ಯಾರ್ಥಿಗೆ ಇಪ್ಪತ್ತೈದು ಮೂವತ್ತು ದಾಖಲೆ ಸೇರಿ 40 ಎಂಬಿ ಎಂದಿಟ್ಟರೂ, ಮುನ್ನೂರು ವಿದ್ಯಾರ್ಥಿಗಳಿಗೆ ವರ್ಷಕ್ಕೆ 12 ಜಿಬಿ ಆಗುತ್ತದೆ, ಐದು ವರ್ಷಕ್ಕೆ 60. ಹಳೆಯ ಮಾಹಿತಿ ತುಂಬಿಕೊಡಲು, ತರಬೇತಿಗೆ, ಬೇರೆ ಸಾಫ್ಟ್‌ವೇರಿಗೆ ಜೋಡಿಸಲು ಎಷ್ಟು? 'ಸಂಸ್ಥೆಗಳ ಪೋರ್ಟಲಿಗೆ ನೇರ ಸಂಪರ್ಕವಿದೆ' ಎಂದರೆ ಯಾವ ಯಾವ ಸಂಸ್ಥೆಗೆ ಎಂದು ಹೆಸರುಗಳ ಪಟ್ಟಿ ಕೇಳಿ. ಎಲ್ಲ ಪೋರ್ಟಲ್‌ಗಳಿಗೂ ಜೋಡಿಸಿದವರು ಯಾರೂ ಇಲ್ಲ. ನಿಮ್ಮ ಮೊದಲ ಹತ್ತು ಸಂಸ್ಥೆಗಳು ಅದರಲ್ಲಿ ಇಲ್ಲದಿದ್ದರೆ ಆ ಸೌಲಭ್ಯಕ್ಕೆ ನಿಮ್ಮ ಲೆಕ್ಕದಲ್ಲಿ ಬೆಲೆಯಿಲ್ಲ.

ಪ್ರಶ್ನೆ: ಎಂಟು ವರ್ಷದ ಎಕ್ಸೆಲ್ ಮಾಹಿತಿಯನ್ನು ಹೊಸದಕ್ಕೆ ಹೇಗೆ ಸಾಗಿಸುವುದು? ಒಮ್ಮೆ ಪ್ರಯತ್ನಿಸಿದಾಗ ಫೋನ್ ನಂಬರುಗಳು, ಹುಟ್ಟಿದ ದಿನಾಂಕಗಳು ಎಲ್ಲ ಹಾಳಾದವು.

ಉತ್ತರ: ಹಾಳು ಮಾಡಿದ್ದು ಹೊಸ ಸಾಫ್ಟ್‌ವೇರ್ ಅಲ್ಲ, ನಡುವೆ ತೆರೆದು ನೋಡಿದ ಎಕ್ಸೆಲ್ ಇರಬೇಕು. ಸಾಗಿಸಲು ಬಳಸುವ ಸಿಎಸ್‌ವಿ ಫೈಲನ್ನು (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯ) ಡಬಲ್ ಕ್ಲಿಕ್ ಮಾಡಿ ತೆರೆದು ಉಳಿಸಿದರೆ ಏನಾಗುತ್ತದೆ ನೋಡಿ. ಫೋನ್ ನಂಬರಿನ ಮುಂದಿನ ಸೊನ್ನೆ ಹಾರಿಹೋಗುತ್ತದೆ. 15ಕ್ಕಿಂತ ಹೆಚ್ಚು ಅಂಕಿಯ ಸಂಖ್ಯೆಯಲ್ಲಿ ಕೊನೆಯವು ಸೊನ್ನೆಯಾಗುತ್ತವೆ. ಅಂಕಿಗಳ ನಡುವೆ ಇಂಗ್ಲಿಷಿನ 'ಇ' ಇರುವ ಕೋರ್ಸ್ ಕೋಡನ್ನು ಅದು ಹತ್ತರ ಘಾತವೆಂದು ತಿಳಿದು ಬೇರೆಯೇ ಸಂಖ್ಯೆ ಮಾಡುತ್ತದೆ. 03/04 ಎಂದು ಬರೆದಿದ್ದರೆ ಏಪ್ರಿಲ್ 3 ಇದ್ದದ್ದು ಮಾರ್ಚ್ 4 ಆಗಬಹುದು. ಇಂಗ್ಲಿಷ್ ಅಲ್ಲದ ಲಿಪಿಯ ಟಿಪ್ಪಣಿಗಳು ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ.

ದಿನಾಂಕದ ತಪ್ಪೇ ಇವುಗಳಲ್ಲಿ ಅಪಾಯಕಾರಿ. ದಿನ 12ಕ್ಕಿಂತ ಹೆಚ್ಚಿದ್ದರೆ ತಪ್ಪು ಎದ್ದು ಕಾಣುತ್ತದೆ, 12 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸದ್ದಿಲ್ಲದೆ ಸೇರಿಕೊಂಡು ವೀಸಾ ಅರ್ಜಿಯವರೆಗೂ ಹೋಗುತ್ತದೆ. ಎಲ್ಲ ದಿನಾಂಕಗಳನ್ನೂ ಸಾಗಿಸುವ ಮೊದಲೇ 2025-04-03 ಎಂಬ ರೂಪಕ್ಕೆ, ಅಂದರೆ ವರ್ಷ-ತಿಂಗಳು-ದಿನ ಎಂದು ಬದಲಿಸಿ. ಫೋನ್, ಪಾಸ್‌ಪೋರ್ಟ್, ಅರ್ಜಿ ಸಂಖ್ಯೆಗಳ ಕಾಲಂಗಳನ್ನು 'ಟೆಕ್ಸ್ಟ್' ಎಂದು ಗುರುತಿಸಿ. ಫೋನ್‌ಗೆ ಪ್ಲಸ್ ಚಿಹ್ನೆ, ದೇಶದ ಕೋಡ್ ಸೇರಿಸಿ. ಫೈಲನ್ನು ಎಲ್ಲ ಲಿಪಿಗಳನ್ನೂ ಹಿಡಿಯುವ ಯುಟಿಎಫ್-8 ಆಗಿ ಉಳಿಸಿ, ಮತ್ತೆ ತೆರೆಯಲೇಬೇಕಾದರೆ ಡಬಲ್ ಕ್ಲಿಕ್ ಬೇಡ, ಎಕ್ಸೆಲ್ಲಿನ ಡೇಟಾ ಮೆನುವಿನಿಂದ ಆಮದು ಮಾಡಿ.

ಸಾಗಿಸುವ ಕ್ರಮವೂ ಮುಖ್ಯ. ಮೊದಲು ಸಂಸ್ಥೆ ಮತ್ತು ಕೋರ್ಸ್. ಶೀಟಿನಲ್ಲಿ ಒಂದೇ ವಿಶ್ವವಿದ್ಯಾಲಯಕ್ಕೆ ಐದು ಬಗೆಯ ಕಾಗುಣಿತ ಇರುತ್ತದೆ, ಮೊದಲು ಅದನ್ನು ಒಂದಾಗಿಸಬೇಕು. ಆಮೇಲೆ ವಿದ್ಯಾರ್ಥಿಗಳು, ಆಮೇಲೆ ಅರ್ಜಿಗಳು, ದಾಖಲೆಪತ್ರಗಳು, ಕೊನೆಗೆ ಬಾಕಿ ಕಮಿಷನ್. ಪ್ರತಿ ಸಾಲಿಗೂ ಹಳೆಯ ಶೀಟಿನ ಸಾಲು ಸಂಖ್ಯೆಯನ್ನು ಒಂದು ಕಾಲಂನಲ್ಲಿ ಉಳಿಸಿಕೊಳ್ಳಿ. ಮುಂದೆ ಏನಾದರೂ ಹೊಂದದಿದ್ದಾಗ ಹುಡುಕಲು ಇರುವ ದಾರಿ ಅದೊಂದೇ. ಐವತ್ತು ವಿದ್ಯಾರ್ಥಿಗಳನ್ನು ಮಾತ್ರ ಸಾಗಿಸಿ, ಕಾಗದದ ಫೈಲಿನ ಜೊತೆ ಒಂದೊಂದಾಗಿ ತಾಳೆ ನೋಡಿ, ಸರಿಯೆನಿಸಿದ ಮೇಲೆ ಉಳಿದವರನ್ನು.

ಎಂಟು ವರ್ಷದ ಮಾಹಿತಿಯೂ ಬೇಕೇ ಎಂದು ಕೇಳಿಕೊಳ್ಳಿ. ನಡೆಯುತ್ತಿರುವ ಫೈಲುಗಳು, ಕಮಿಷನ್ ಬಾಕಿ ಇರುವವು, ಡಿಫರ್ ಆದವರು, ಇಷ್ಟು ಸಾಗಿಸಿದರೆ ಸಾಕು. ಉಳಿದದ್ದನ್ನು ಬೀಗ ಹಾಕಿದ ಒಂದು ಕಡತವಾಗಿ ಇಟ್ಟು, ಇಡುವ ಅವಧಿ ಮುಗಿದದ್ದನ್ನು ಅಳಿಸಿ.

ಬದಲಾವಣೆಯನ್ನು ಇನ್‌ಟೇಕ್ ಗಡಿಬಿಡಿಯಲ್ಲಿ ಮಾಡಬೇಡಿ. ಸೆಪ್ಟೆಂಬರ್ ಇನ್‌ಟೇಕ್ ದೊಡ್ಡದಾಗಿದ್ದರೆ ಜೂನ್‌ನಿಂದ ಆಗಸ್ಟ್‌ವರೆಗೆ ಕೈಹಾಕುವುದು ಬೇಡ. ಹಳೆಯದು ಹೊಸದು ಎರಡನ್ನೂ ಎರಡು ತಿಂಗಳು ಜೊತೆಗೆ ನಡೆಸಿ ಎಂದು ಕೆಲವರು ಸಲಹೆ ಕೊಡುತ್ತಾರೆ, ಅದು ನಮಗೆ ಒಪ್ಪಿಗೆಯಿಲ್ಲ. ಎರಡು ಕಡೆ ಬರೆಯಬೇಕಾದಾಗ ಜನ ಅಭ್ಯಾಸವಿರುವ ಕಡೆ ಬರೆಯುತ್ತಾರೆ, ಹೊಸದು ಖಾಲಿ ಬೀಳುತ್ತದೆ. ಒಂದು ದಿನ ಗೊತ್ತುಮಾಡಿ, ಅಂದಿನಿಂದ ಶೀಟನ್ನು 'ಓದಲು ಮಾತ್ರ' ಮಾಡಿಬಿಡಿ. ಕಮಿಷನ್ ಲೆಕ್ಕವನ್ನು ಮಾತ್ರ ಒಂದು ಇನ್‌ಟೇಕ್‌ವರೆಗೆ ಎರಡೂ ಕಡೆ ಇಟ್ಟು ಹೋಲಿಸಿ.

ಪ್ರಶ್ನೆ: ಕಮಿಷನ್ ಲೆಕ್ಕಕ್ಕೆ ಬೇರೆ ಅಕೌಂಟಿಂಗ್ ಸಾಫ್ಟ್‌ವೇರ್ ಇದೆ. ಫೈಲು ನೋಡುವ ಸಾಫ್ಟ್‌ವೇರಿನಲ್ಲೂ ಅದು ಬೇಕೇ?

ಉತ್ತರ: ಇನ್‌ವಾಯ್ಸ್ ಮುದ್ರಿಸುವುದು, ತೆರಿಗೆ ಲೆಕ್ಕ ಅಕೌಂಟಿಂಗಿನಲ್ಲೇ ಇರಲಿ. ಆದರೆ ಯಾವಾಗ, ಯಾರ ಲೆಕ್ಕದಲ್ಲಿ, ಎಷ್ಟು ಕೇಳಬೇಕು ಎಂಬುದು ಫೈಲಿನಲ್ಲೇ ಇರಬೇಕು. ಕಮಿಷನ್ ಕೈತಪ್ಪುವುದು ಲೆಕ್ಕದ ತಪ್ಪಿನಿಂದ ಕಡಿಮೆ, ಕೇಳಲು ಮರೆತು ಹೋಗುವುದೇ ಹೆಚ್ಚು. ವಿದ್ಯಾರ್ಥಿ ವಿಮಾನ ಹತ್ತಿದ ಮೇಲೆ ಕೌನ್ಸೆಲರ್ ಮನಸ್ಸಿನಲ್ಲಿ ಫೈಲು ಮುಗಿದಿರುತ್ತದೆ. ಕಮಿಷನ್ ಕೇಳುವ ಹಕ್ಕು ಹುಟ್ಟುವುದು ಅದಾದ ಮೇಲೆ: ಕೆಲವು ಒಪ್ಪಂದಗಳಲ್ಲಿ ಎನ್‌ರೋಲ್‌ಮೆಂಟ್ ಖಚಿತವಾದಾಗ, ಕೆಲವದರಲ್ಲಿ ಶುಲ್ಕ ಪೂರ್ತಿ ಕಟ್ಟಿದಾಗ, ಆಸ್ಟ್ರೇಲಿಯಾದ ವಿಶ್ವವಿದ್ಯಾಲಯಗಳಲ್ಲಿ ಬಹಳ ಸಲ 'ಸೆನ್ಸಸ್ ಡೇಟ್' (ಶುಲ್ಕದ ಹೊಣೆಯಿಲ್ಲದೆ ಕೋರ್ಸ್ ಬಿಡಲು ಇರುವ ಕೊನೆಯ ದಿನ) ದಾಟಿದ ಮೇಲೆ. ಇಂತಿಷ್ಟು ದಿನದೊಳಗೆ ಇನ್‌ವಾಯ್ಸ್ ಕಳಿಸದಿದ್ದರೆ ಹಕ್ಕಿಲ್ಲ ಎಂಬ ಷರತ್ತೂ ಒಪ್ಪಂದದಲ್ಲಿ ಇರಬಹುದು. ಆದ್ದರಿಂದ ಫೈಲು 'ಎನ್‌ರೋಲ್' ಹಂತಕ್ಕೆ ಬಂದ ಕೂಡಲೇ ಕಮಿಷನ್ ಎಂಬ ಬೇರೆ ದಾಖಲೆ ತಾನಾಗಿ ಹುಟ್ಟಿ, ಕೇಳುವ ದಿನ ಮತ್ತು ಕೊನೆಯ ದಿನ ಎರಡನ್ನೂ ಹೊತ್ತಿರಬೇಕು.

ಲೆಕ್ಕದ ಒಳಗೆ ಮೂರು ಕಡೆ ಎಡವುತ್ತಾರೆ. ಮೊದಲನೆಯದು ಯಾವ ಮೊತ್ತದ ಮೇಲೆ ಎಂಬುದು. ಶುಲ್ಕ 20,000, ಸ್ಕಾಲರ್‌ಶಿಪ್ 3,000, ದರ ಶೇ. 15 ಎಂದರೆ, ಪೂರ್ತಿ ಶುಲ್ಕದ ಮೇಲೆ 3,000 ಬರುತ್ತದೆ, ಸ್ಕಾಲರ್‌ಶಿಪ್ ಕಳೆದು 2,550. ಇದರಲ್ಲಿ ಸಬ್-ಏಜೆಂಟಿಗೆ ಶೇ. 60 ಎಂದರೆ 1,800 ಅಥವಾ 1,530. ನೀವು ಅವರಿಗೆ 1,800 ಹೇಳಿ ಸಂಸ್ಥೆಯಿಂದ 2,550 ಬಂದರೆ 270 ನಿಮ್ಮ ಕೈಯಿಂದ ಹೋಯಿತು.

ಎರಡನೆಯದು ಸ್ಲ್ಯಾಬ್. 'ಹತ್ತು ವಿದ್ಯಾರ್ಥಿಗಳಾದ ಮೇಲೆ ಶೇ. 17' ಎಂದಿದ್ದರೆ, ಹನ್ನೊಂದನೆಯವರಿಂದಲೋ, ಮೊದಲನೆಯವರಿಂದ ಎಲ್ಲರಿಗೂ ಹಿಂದಿನಿಂದಲೋ? ಒಪ್ಪಂದವನ್ನು ಓದಿ, ಸಾಫ್ಟ್‌ವೇರಿನಲ್ಲಿ ಎರಡು ಬಗೆಯೂ ಹಾಕಲು ಬರುತ್ತದೆಯೇ ನೋಡಿ. ಮೂರನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ: ಈ ವರ್ಷ ದರ ಬದಲಾಯಿತೆಂದು ಸಂಸ್ಥೆಯ ಪುಟದಲ್ಲಿ ತಿದ್ದಿದರೆ ಹಿಂದಿನ ವರ್ಷದ ವಿದ್ಯಾರ್ಥಿಗಳ ಲೆಕ್ಕವೂ ಬದಲಾಗಿಬಿಡುವುದು. ದರ ಆಯಾ ಫೈಲಿನಲ್ಲಿ ಎನ್‌ರೋಲ್ ದಿನದಂದೇ ಅಚ್ಚೊತ್ತಿ ಉಳಿಯಬೇಕು. ಡೆಮೊದಲ್ಲಿ ದರ ಬದಲಿಸಿ, ಹಳೆಯ ಫೈಲು ತೆರೆದು ಪರೀಕ್ಷಿಸಿ. ಒಂದು ನಿಮಿಷದ ಕೆಲಸ.

ಇನ್‌ವಾಯ್ಸಿನ ಕರೆನ್ಸಿ ಮೊತ್ತ, ಬ್ಯಾಂಕಿಗೆ ಬಂದ ಮೊತ್ತ ಎರಡಕ್ಕೂ ಬೇರೆ ಕಾಲಂ ಇರಲಿ. ವಿದ್ಯಾರ್ಥಿ ನಡುವೆ ಬಿಟ್ಟುಹೋದರೆ ಹಣ ಹಿಂದಿರುಗಿಸಬೇಕಾಗುವ ಷರತ್ತಿದ್ದರೆ ಅದಕ್ಕೊಂದು ಋಣ (ಮೈನಸ್) ನಮೂದು ಹಾಕಲು ಬರಬೇಕು. ಹಳೆಯ ನಮೂದನ್ನು ಅಳಿಸಿ ಸರಿಮಾಡುವ ವ್ಯವಸ್ಥೆ ಬೇಡ.

ಪ್ರಶ್ನೆ: ಪಾಸ್‌ಪೋರ್ಟ್ ಫೋಟೊ ಹಾಕಿದರೆ ಎಐ ಎಲ್ಲವನ್ನೂ ಓದಿ ತುಂಬುತ್ತದೆ ಅನ್ನುತ್ತಾರೆ. ನಂಬಬಹುದೇ? ಹೆಸರಿನಲ್ಲಿ ನಮಗೆ ಬಹಳ ತಪ್ಪುಗಳಾಗುತ್ತವೆ.

ಉತ್ತರ: ಸಂಖ್ಯೆ ಮತ್ತು ದಿನಾಂಕಕ್ಕೆ ಬಹುಮಟ್ಟಿಗೆ ನಂಬಬಹುದು, ಹೆಸರಿಗೆ ಬೇಡ. ಪಾಸ್‌ಪೋರ್ಟಿನ ಫೋಟೊ ಪುಟದ ಕೆಳಗೆ ಬಾಣದ ಚಿಹ್ನೆಗಳಿರುವ ಎರಡು ಸಾಲು ಇರುತ್ತವಲ್ಲ, ಪ್ರತಿ ಸಾಲಿನಲ್ಲಿ 44 ಅಕ್ಷರ. ಎರಡನೆಯ ಸಾಲಿನಲ್ಲಿ ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನ, ಅವಧಿ ಮುಗಿಯುವ ದಿನ ಇವುಗಳ ನಂತರವೇ ಒಂದೊಂದು ತಾಳೆ ಅಂಕಿ ಇರುತ್ತದೆ. ಅಕ್ಷರಗಳನ್ನು ಕ್ರಮವಾಗಿ 7, 3, 1ರಿಂದ ಗುಣಿಸಿ ಕೂಡಿ ಹತ್ತರಿಂದ ಭಾಗಿಸಿದಾಗ ಉಳಿಯುವ ಶೇಷ ಅದು. ಒಂದು ಅಂಕಿಯನ್ನು ತಪ್ಪಾಗಿ ಓದಿದರೆ ಸಾಮಾನ್ಯವಾಗಿ ಇಲ್ಲಿ ಸಿಕ್ಕಿಬೀಳುತ್ತದೆ. ನಿಮ್ಮ ಸಾಫ್ಟ್‌ವೇರ್ ಈ ತಾಳೆ ನೋಡುತ್ತದೆಯೇ ಎಂದು ಕೇಳಿ.

ಹೆಸರು ಇರುವುದು ಮೊದಲ ಸಾಲಿನಲ್ಲಿ, ಅದಕ್ಕೆ ತಾಳೆ ಅಂಕಿಯಿಲ್ಲ. ಜಾಗವೂ 39 ಅಕ್ಷರಕ್ಕೆ ಮಾತ್ರ, ಉದ್ದದ ಹೆಸರು ಅಲ್ಲಿ ತುಂಡಾಗಿರುತ್ತದೆ. ಹೆಸರನ್ನು ಯಾವಾಗಲೂ ಮೇಲಿನ ಮುದ್ರಿತ ಭಾಗದಿಂದ ಒಬ್ಬರು ನೋಡಿ ದೃಢಪಡಿಸಬೇಕು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಎರಡನೆಯ ಖಾನೆಯನ್ನು ಕಡ್ಡಾಯ ಮಾಡಿದ ಸಾಫ್ಟ್‌ವೇರ್ ತೊಂದರೆ ಕೊಡುತ್ತದೆ. ಸಿಬ್ಬಂದಿ ಚುಕ್ಕೆಯನ್ನೋ ಅದೇ ಹೆಸರನ್ನೋ ಮತ್ತೆ ಹಾಕುತ್ತಾರೆ, ಅದೇ ಆಫರ್ ಲೆಟರಿಗೆ ಹೋಗಿ ಕೂರುತ್ತದೆ. ಇಂಥವರಿಗೆ ಅಮೆರಿಕದ ವೀಸಾದಲ್ಲಿ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಫಸ್ಟ್ ನೇಮ್ ಅನ್‌ನೋನ್) ಎಂದು ಬರುತ್ತದೆ, ಬೇರೆ ದೇಶಗಳ ಪದ್ಧತಿ ಬೇರೆ. ಹಾಗಾಗಿ 'ಪಾಸ್‌ಪೋರ್ಟಿನಲ್ಲಿ ಇರುವಂತೆ' ಎಂಬ ಒಂದು ಖಾನೆ, 'ಈ ಅರ್ಜಿಯಲ್ಲಿ ಬರೆದಂತೆ' ಎಂಬ ಇನ್ನೊಂದು ಇರಲಿ.

ಎಐಯಿಂದ ಸ್ಟೇಟ್‌ಮೆಂಟ್ ಆಫ್ ಪರ್ಪಸ್ (ಈ ಓದು ಯಾಕೆ ಎಂದು ವಿದ್ಯಾರ್ಥಿ ಬರೆಯುವ ಪತ್ರ) ಬರೆಸುವ ಗುಂಡಿ ಇದ್ದರೆ ಅದನ್ನು ಮುಚ್ಚಿಸಿ. ಸಂದರ್ಶನದಲ್ಲಿ ಕೂತು ಉತ್ತರ ಹೇಳಬೇಕಾದವರು ವಿದ್ಯಾರ್ಥಿ.

ಪ್ರಶ್ನೆ: ವಿದ್ಯಾರ್ಥಿಗಳೆಲ್ಲ ವಾಟ್ಸಾಪ್‌ನಲ್ಲೇ ಮಾತಾಡುತ್ತಾರೆ. ಅದನ್ನು ಜೋಡಿಸಬಹುದೇ?

ಉತ್ತರ: ಜೋಡಿಸಬಹುದು, ಜೋಡಿಸಲೇಬೇಕು. ಕೌನ್ಸೆಲರ್ ಸ್ವಂತ ಫೋನಿನಲ್ಲಿ ಮಾತಾಡಿದ್ದು ಅವರು ಕೆಲಸ ಬಿಟ್ಟ ದಿನ ಅವರ ಜೊತೆಯೇ ಹೋಗುತ್ತದೆ. ಒಂದು ನಿಯಮ ಗೊತ್ತಿರಲಿ: ಸಾಫ್ಟ್‌ವೇರಿಗೆ ಜೋಡಿಸುವ ವಾಟ್ಸಾಪ್ ಬಿಸಿನೆಸ್ ವ್ಯವಸ್ಥೆಯಲ್ಲಿ ವಿದ್ಯಾರ್ಥಿ ಕೊನೆಯದಾಗಿ ಬರೆದು 24 ಗಂಟೆ ದಾಟಿದರೆ ಮೊದಲೇ ಒಪ್ಪಿಗೆ ಪಡೆದ ಟೆಂಪ್ಲೇಟ್ ಸಂದೇಶವನ್ನಷ್ಟೇ ಕಳಿಸಬಹುದು. 'ಅಂಕಪಟ್ಟಿ ಬಾಕಿ', 'ಡೆಪಾಸಿಟ್ ಗಡುವು', 'ಅಪಾಯಿಂಟ್‌ಮೆಂಟ್ ನೆನಪು' ಇಂಥ ಆರೇಳನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ.

ಇಮೇಲ್ ವಿಷಯದಲ್ಲಿ ಒಂದು ಮಾತು ಸೇರಿಸುತ್ತೇವೆ. ಅರ್ಜಿಯಲ್ಲಿ ವಿದ್ಯಾರ್ಥಿಯ ಇಮೇಲ್ ಜಾಗದಲ್ಲಿ ಏಜೆನ್ಸಿಯೇ ಮಾಡಿದ ವಿಳಾಸ ಹಾಕುವ ಅಭ್ಯಾಸ ಕೆಲವರಲ್ಲಿದೆ, ಕೆಲವು ಸಾಫ್ಟ್‌ವೇರ್ ಅದಕ್ಕೆ ಅನುಕೂಲವನ್ನೂ ಮಾಡಿಕೊಡುತ್ತದೆ. ದಯವಿಟ್ಟು ಬೇಡ. ಆಫರ್, ವೀಸಾ, ಪಾಸ್‌ವರ್ಡ್ ಎಲ್ಲವೂ ವಿದ್ಯಾರ್ಥಿಯ ಸ್ವತ್ತು, ಅವರ ಕೈಗೇ ನೇರ ಹೋಗಬೇಕು. ನಿಮಗೊಂದು ಪ್ರತಿ ಸಾಕು.

ಪ್ರಶ್ನೆ: ಇಷ್ಟು ಪಾಸ್‌ಪೋರ್ಟ್, ಬ್ಯಾಂಕ್ ದಾಖಲೆಗಳನ್ನು ಹೊರಗಿನ ಕಂಪನಿಯ ಸರ್ವರಿನಲ್ಲಿ ಇಡಲು ಭಯವಾಗುತ್ತದೆ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಏನೇನು ನೋಡಬೇಕು?

ಉತ್ತರ: ಭಯ ಸರಿಯಾದದ್ದೇ, ಆದರೆ ಸೋರುವುದು ಹೆಚ್ಚಾಗಿ ಸರ್ವರಿನಿಂದಲ್ಲ, ನಮ್ಮದೇ ಲಾಗಿನ್‌ಗಳಿಂದ. ಮೂವರು ಒಂದೇ ಪಾಸ್‌ವರ್ಡ್ ಹಂಚಿಕೊಂಡರೆ ಯಾರು ಏನು ತೆಗೆದರೆಂದು ಯಾವ ದಾಖಲೆಯೂ ಹೇಳಲಾರದು. ಒಬ್ಬರಿಗೆ ಒಂದು ಲಾಗಿನ್, ಎರಡನೆಯ ಹಂತದ ದೃಢೀಕರಣ, ಕೆಲಸ ಬಿಟ್ಟವರ ಲಾಗಿನ್ ಅದೇ ದಿನ ಬಂದ್. ಸಬ್-ಏಜೆಂಟರಿಗೆ ತಮ್ಮ ವಿದ್ಯಾರ್ಥಿಗಳು ಮಾತ್ರ ಕಾಣಬೇಕು. ಇದನ್ನು ಅವರ ಲಾಗಿನ್‌ನಿಂದ ಒಳಹೊಕ್ಕು, ಹುಡುಕಾಟದ ಖಾನೆಯಲ್ಲಿ ಬೇರೆಯವರ ವಿದ್ಯಾರ್ಥಿಯ ಹೆಸರು ಹೊಡೆದು ಪರೀಕ್ಷಿಸಿ. ಪಟ್ಟಿಯಲ್ಲಿ ಮುಚ್ಚಿದ್ದು ಹುಡುಕಾಟದಲ್ಲಿ ತೆರೆದಿರುವುದು ಅಪರೂಪವಲ್ಲ. ಇಡೀ ಪಟ್ಟಿಯನ್ನು ಎಕ್ಸ್‌ಪೋರ್ಟ್ ಮಾಡುವ ಅಧಿಕಾರ ಇಬ್ಬರಿಗಿಂತ ಹೆಚ್ಚು ಜನಕ್ಕೆ ಬೇಡ. ಬೇಕಿದ್ದರೆ ಯಾರು, ಯಾವಾಗ ಮಾಡಿದರೆಂಬ ಲಾಗ್ ಇರಲಿ.

ವೆಂಡರ್ ಹತ್ತಿರ ಲಿಖಿತ ಉತ್ತರ ತಗೊಳ್ಳಿ: ಸರ್ವರ್ ಯಾವ ದೇಶದಲ್ಲಿದೆ, ಬ್ಯಾಕಪ್ ಎಷ್ಟು ಗಂಟೆಗೊಮ್ಮೆ, ಬ್ಯಾಕಪ್‌ನಿಂದ ವಾಪಸ್ ತರುವ ಪರೀಕ್ಷೆಯನ್ನು ಕೊನೆಯದಾಗಿ ಯಾವಾಗ ಮಾಡಿದರು. ಸೋರಿಕೆಯಾದರೆ ನಿಮಗೆ ಎಷ್ಟು ಗಂಟೆಯಲ್ಲಿ ತಿಳಿಸುತ್ತಾರೆ ಎಂಬುದು ಮುಖ್ಯ. 2018ರ ಮೇ 25ರಿಂದ ಜಾರಿಯಲ್ಲಿರುವ ಯುರೋಪಿನ ಜಿಡಿಪಿಆರ್ ಎಂಬ ಖಾಸಗಿ ಮಾಹಿತಿ ರಕ್ಷಣೆಯ ನಿಯಮ ಅನ್ವಯಿಸುವ ಕಡೆ, ಸೋರಿಕೆ ನಿಮಗೆ ತಿಳಿದಾಗಿನಿಂದ ಪ್ರಾಧಿಕಾರಕ್ಕೆ ತಿಳಿಸಲು ಇರುವುದು 72 ಗಂಟೆ. ವೆಂಡರ್ ಒಂದು ವಾರ ಬಿಟ್ಟು ಹೇಳಿದರೆ ಅಷ್ಟು ದಿನ ನೀವು ಏನೂ ಮಾಡಲಾಗದು.

ಸಹಿಗೆ ಮೊದಲು ಹೊರಬರುವ ದಾರಿಯನ್ನು ನೋಡಿ. ಟ್ರಯಲ್ ಅವಧಿಯಲ್ಲೇ ಹತ್ತು ಫೈಲು ತುಂಬಿ, ಎಲ್ಲವನ್ನೂ ಎಕ್ಸ್‌ಪೋರ್ಟ್ ಮಾಡಿ. ಹೆಸರು, ಫೋನ್ ಇರುವ ಸಿಎಸ್‌ವಿ ಎಲ್ಲರೂ ಕೊಡುತ್ತಾರೆ. ಟಿಪ್ಪಣಿಗಳು ತಾರೀಕಿನೊಂದಿಗೆ ಬಂದವೇ? ಯಾವ ಅರ್ಜಿ ಯಾವ ವಿದ್ಯಾರ್ಥಿಯದೆಂಬ ಕೊಂಡಿ ಉಳಿಯಿತೇ? ದಾಖಲೆಪತ್ರಗಳು ವಿದ್ಯಾರ್ಥಿವಾರು ಫೋಲ್ಡರಿನಲ್ಲಿ ಬಂದವೇ, ಇಲ್ಲಾ ಗುರುತು ಸಿಗದ ಹೆಸರಿನ ಸಾವಿರ ಫೈಲುಗಳ ರಾಶಿಯೇ? ರಾಶಿ ಬಂದರೆ ಅಲ್ಲೇ ನಿಲ್ಲಿ. ಒಪ್ಪಂದದಲ್ಲಿ ಇಷ್ಟನ್ನು ಬರೆಸಿ: ಮಾಹಿತಿ ಏಜೆನ್ಸಿಯದು, ಒಪ್ಪಂದ ಮುಗಿದ ಮೇಲೂ ಕನಿಷ್ಠ 30 ದಿನ ಎಕ್ಸ್‌ಪೋರ್ಟಿಗೆ ಅವಕಾಶ ಇರಬೇಕು, ಆಮೇಲೆ ಬ್ಯಾಕಪ್ ಸಮೇತ ಅಳಿಸಿ ಲಿಖಿತವಾಗಿ ತಿಳಿಸಬೇಕು. ಮೊದಲ ಸಲ ವರ್ಷದ ಹಣ ಒಟ್ಟಿಗೆ ಕಟ್ಟಬೇಡಿ. ರಿಯಾಯಿತಿ ಎಷ್ಟೇ ಇರಲಿ, ಒಂದು ಪೂರ್ತಿ ಇನ್‌ಟೇಕ್ ಮುಗಿಯುವವರೆಗೆ ತಿಂಗಳ ಲೆಕ್ಕದಲ್ಲೇ ಕೊಡಿ.